ಬಾಗಿಲು ಹಿಡಿದ ಉಡ

ಒಂದು ಕಾಡಿನಲ್ಲಿ ಎಂದ ಕೂಡಲೇ ನಿಮಗೆ ಹುಲಿ, ಸಿಂಹ, ಆನೆ ಕಣ್ಣ ಮುಂದೆ ಬರುತ್ತವೆ, ನನಗೆ ಗೊತ್ತು. ಈ ಕಾಡಿನಲ್ಲಿ ಅವು ಯಾವುವೂ ಇರಲಿಲ್ಲ. ಇದು ಕಡಲ ತಡಿಯ ಕಾಡು. ಹೊಳೆ ಬಂದು ಸಮುದ್ರ ಸೇರುವ ಕಡೆ, ಅರ್ಧ ಕೆಸರಿನಲ್ಲಿ, ಅರ್ಧ ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ಕಾಡು. ಸಿಂಹ ಇಲ್ಲಿಗೆ ಬಂದಿದ್ದರೆ ಕಾಲು ಹೂತು ಅಲ್ಲೇ ನಿಲ್ಲಬೇಕಾಗುತ್ತಿತ್ತು. ಹಾಗಾಗಿ ಇಲ್ಲಿ ರಾಜ ಇರಲಿಲ್ಲ. ರಾಜನ ಬದಲು ಸಂಘಗಳಿದ್ದವು.

ನಗಬೇಡಿ, ಒಳ್ಳೆಯ ಸಂಘಗಳೇ. ನೀರುನಾಯಿ ಹೊನ್ನಕ್ಕನ ಸಂಘ ಕಡಲಾಮೆಗಳ ಮೊಟ್ಟೆ ಕಾಯುತ್ತಿತ್ತು. ತಾಯಿ ಆಮೆಗಳು ದಡಕ್ಕೆ ಬಂದು, ಮರಳು ತೋಡಿ ಮೊಟ್ಟೆ ಇಟ್ಟು, ತಿರುಗಿ ಸಮುದ್ರಕ್ಕೆ ಹೋಗಿಬಿಡುತ್ತಿದ್ದವು. ಆ ಮೊಟ್ಟೆಗಳನ್ನೆಲ್ಲ ಹೊನ್ನಕ್ಕ ಕೇದಗೆ ಪೊದೆಯ ಪಕ್ಕದ ಹೊಂಡದಲ್ಲಿ ಇಟ್ಟು, ಮರಳು ಮುಚ್ಚಿ, ಮರಿಯಾಗುವ ತನಕ ಕಾಯುತ್ತಿದ್ದಳು. ಬೆಳ್ಳಕ್ಕಿ ಸುಬ್ರಾಯನ ಸಂಘ ಹಲ್ಲು ಬಿದ್ದ, ರೆಕ್ಕೆ ಸೋತ ಮುದಿಜೀವಗಳಿಗೆ ಊಟ ಹಾಕುತ್ತಿತ್ತು. ಅದರ ಒಣಮೀನೆಲ್ಲ ಒಂದು ಸುರಹೊನ್ನೆ ಮರದ ಪೊಟರೆಯಲ್ಲಿ ಇರುತ್ತಿತ್ತು. ಇನ್ನು ಗಾಯವಾದವರು, ಕಾಯಿಲೆ ಬಿದ್ದವರು ಕೆಂಪು ಮುರಕಲ್ಲಿನ ದಿಬ್ಬಕ್ಕೆ ಹೋಗಬೇಕು. ಅಲ್ಲಿ ಮುಳ್ಳುಹಂದಿ ಜಟ್ಟಪ್ಪನ ಬಿಲ. ಅವನೂ ಅವನ ಅಣ್ಣತಮ್ಮಂದಿರೂ ಸೊಪ್ಪು ಅರೆದು ಹಚ್ಚುತ್ತಿದ್ದರು, ಬೇರು ಜಜ್ಜಿ ಕುಡಿಸುತ್ತಿದ್ದರು. ಒಬ್ಬರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಈ ಸಂಘಗಳಿಗೆ ಒಂದು ವ್ರತ ಇತ್ತು. ಅದನ್ನು ಸರಿಯಾಗಿ ನೆನಪಿಟ್ಟುಕೊಳ್ಳಿ, ಮುಂದಿನ ಅವಾಂತರವೆಲ್ಲ ಅದರಿಂದಲೇ. ಪ್ರತಿ ಹುಣ್ಣಿಮೆಗೆ ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. "ನಮ್ಮ ಸಂಘದ ಮನೆಗಾಗಿ ನಾವು ಒಂದು ಹುಲ್ಲುಕಡ್ಡಿಯನ್ನೂ ಎತ್ತುವುದಿಲ್ಲ. ನಮ್ಮ ಕೈ ಇರುವುದು ಪಕ್ಕದವರಿಗೆ" ಎಂದು ಒಟ್ಟಿಗೆ ಹೇಳುತ್ತಿದ್ದರು. ಹೇಳಿ ಸುಮ್ಮನಿರುತ್ತಿರಲಿಲ್ಲ, ಹಾಗೇ ನಡೆಯುತ್ತಲೂ ಇದ್ದರು. ಮೊಟ್ಟೆ ಕಾಯುವುದು ಹೊನ್ನಕ್ಕನ ಕೆಲಸ ಸರಿ, ಆದರೆ ಹೊಂಡದ ಬೇಲಿ ಮುರಿದರೆ ಬೆಳ್ಳಕ್ಕಿಗಳೋ ಮುಳ್ಳುಹಂದಿಗಳೋ ಬಂದು ಕಟ್ಟಬೇಕು. ಪೊಟರೆಗೆ ಮಳೆನೀರು ಇಳಿದರೆ ಮೀನನ್ನು ನೀರುನಾಯಿಗಳು ಬಂದು ಹರವಬೇಕು. ಒಮ್ಮೆ ಜಟ್ಟಪ್ಪನ ಬಿಲದ ಬಾಯಿಗೆ ಒಂದು ಕಲ್ಲು ಉರುಳಿ ಬಿತ್ತು. ಅವನೇ ಒಂದು ಸಲ ಬೆನ್ನು ಕೊಟ್ಟು ತಳ್ಳಿದ್ದರೆ ಹೋಗುತ್ತಿತ್ತು. ಪುಣ್ಯಾತ್ಮ ತಳ್ಳಲಿಲ್ಲ. ಪಕ್ಕದವರಿಗೆ ಸುದ್ದಿ ಮುಟ್ಟಿ, ಅವರು ಬಂದು ಕಲ್ಲು ಸರಿಸುವ ತನಕ ಹೊಟ್ಟೆ ಹಸಿದುಕೊಂಡು ಒಳಗೇ ಕೂತಿದ್ದ. ಅದನ್ನು ಎಲ್ಲರೂ ಬಹಳ ದಿನ ಮೆಚ್ಚಿ ಮಾತಾಡಿದರು.

ಈಗ ಉಡ ಪರಮಯ್ಯನ ವಿಷಯಕ್ಕೆ ಬರೋಣ. ಉಡ ಗೊತ್ತಲ್ಲ? ಹಲ್ಲಿಗೆ ದೊಡ್ಡಪ್ಪನಾಗಬೇಕು. ಒಂದು ಕಡೆ ಉಗುರು ಊರಿ ಹಿಡಿದನೆಂದರೆ ನಾಲ್ಕು ಜನ ಸೇರಿ ಬಾಲ ಹಿಡಿದು ಎಳೆದರೂ ಬಿಡುವವನಲ್ಲ. ಉಡದ ಪಟ್ಟು ಎಂದು ಜನ ಹೇಳುವುದು ಇದನ್ನೇ. ಪರಮಯ್ಯನಿಗೆ ಆಮೆಮೊಟ್ಟೆ ಎಂದರೆ ಪ್ರಾಣ. ಹೊಂಡದ ಕಡೆಯಿಂದ ಗಾಳಿ ಬೀಸಿದರೆ ಸಾಕು, ಅವನ ಸೀಳುನಾಲಿಗೆ ಹೊರಗೆ ಬಂದು ಒಳಗೆ ಹೋಗುತ್ತಿತ್ತು. ಆದರೆ ಹೊನ್ನಕ್ಕನ ಬಳಗ ಸರದಿ ಮೇಲೆ ಅಲ್ಲೇ ಕೂತಿರುತ್ತಿತ್ತು. ಒಂದು ಸಲ ಹತ್ತಿರ ಹೋಗಿ ಬಾಲದ ತುದಿಗೆ ಕಚ್ಚಿಸಿಕೊಂಡು ಬಂದಿದ್ದ. ಆ ವರ್ಷವಂತೂ ಮೊಟ್ಟೆಗಳು ಬಲಿತು, ಇವತ್ತೋ ನಾಳೆಯೋ ಒಡೆಯುವ ಹಾಗಿದ್ದವು. ಪರಮಯ್ಯನಿಗೆ ನಿದ್ದೆಯೇ ಬರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ದೂರದಿಂದ ಹಾರಿ ಬಂದ ಒಂದು ಕಡಲಕ್ಕಿ ಬಂಡೆಯ ಮೇಲೆ ಕೂತು ದಣಿವಾರಿಸಿಕೊಂಡಿತು. ಸಮುದ್ರದ ನಡುವೆ ದೊಡ್ಡ ಬಿರುಗಾಳಿ ಎದ್ದಿದೆ, ಈ ಕಡೆಗೇ ಮುಖ ಮಾಡಿದೆ ಎಂದು ಹೇಳಿತು. ಕೇಳಿಸಿಕೊಂಡವನು ಪರಮಯ್ಯ ಒಬ್ಬನೇ. ಅವನು ಅದನ್ನು ನಂಬಲಿಲ್ಲ. ಪ್ರತಿ ವರ್ಷ ಇದೇ ಮಾತು. ಮೋಡ ಬರುತ್ತೆ, ನಾಲ್ಕು ಹನಿ ಉದುರುತ್ತೆ, ಗಾಳಿ ಬಡಗು ದಿಕ್ಕಿಗೆ ತಿರುಗಿ ಬೇರೆಯವರ ಪಾಲಾಗುತ್ತೆ. ಬಿರುಗಾಳಿ ಬರುವುದಿಲ್ಲ ಎಂದು ಅವನಿಗೆ ಖಾತ್ರಿ ಇತ್ತು. ಆದರೆ ಬರುತ್ತದೆ ಎಂದು ಹೇಳಿದರೆ ಏನೇನು ಆಗಬಹುದು ಎಂದು ಯೋಚಿಸಿದ. ಯೋಚಿಸುತ್ತಾ ಯೋಚಿಸುತ್ತಾ ಅವನ ಬಾಯಲ್ಲಿ ನೀರೂರಿತು.

ಮರುದಿನ ಬೆಳಿಗ್ಗೆ ಪರಮಯ್ಯ ಸಂಘದವರನ್ನೆಲ್ಲ ಕರೆದು ಕೂರಿಸಿದ. ದೊಡ್ಡ ಬಿರುಗಾಳಿ ಬರುತ್ತಿದೆ, ತಾನು ಸಂಘಗಳಿಗೆ ಸಹಾಯ ಮಾಡಲು ಬಂದಿದ್ದೇನೆ ಎಂದ. ಬಿರುಗಾಳಿಗೆ ಮುಂಚೆ ಹೇಗೆ ಸಿದ್ಧವಾಗಬೇಕು ಎಂಬುದನ್ನು ಹೇಳಿಕೊಡುವವರು ಈ ಕಾಡಿನಲ್ಲಿ ಯಾರೂ ಇಲ್ಲವಲ್ಲ, ಅದೇ ತನ್ನ ಸಂಕಟ ಎಂದ. ಮೀನುಗಾರರ ಚಪ್ಪರದ ಕೆಳಗೆ ಮಲಗಿ ಕೇಳಿದ ಮಾತುಗಳನ್ನೆಲ್ಲ ಒಂದೊಂದಾಗಿ ಬಿಟ್ಟ. ಎಲ್ಲರೂ ಸೇರುವುದಕ್ಕೆ ಎತ್ತರದ ಒಂದು ಜಾಗ ಗೊತ್ತುಮಾಡಿಕೊಳ್ಳಿ, ಜಟ್ಟಪ್ಪನ ದಿಬ್ಬ ಆದೀತು. ಸಾಮಾನು ಹೊರುವುದಕ್ಕೆ ಬುಟ್ಟಿ ಹುಡುಕಿಡಿ. ಬಿಲದ ಬಾಯಿಗೆ ಅಡ್ಡ ಇಡಲು ಗಟ್ಟಿ ಹಲಗೆ ಬೇಕು. ನಡೆಯಲಾರದವರನ್ನು ಮೊದಲು ಸಾಗಿಸಿ. ಮಾತೆಲ್ಲ ಸರಿಯಾಗಿಯೇ ಇತ್ತು. ತೊಂದರೆ ಆದದ್ದೂ ಅದರಿಂದಲೇ.

ಸಂಘದವರಿಗೆ ತಲೆ ಗಿರ್ರೆಂದಿತು. ಇಷ್ಟು ವರ್ಷ ಬೇರೆಯವರ ಕಷ್ಟ ನೋಡಿದವರು, ತಮಗೂ ಕಷ್ಟ ಬರಬಹುದು ಎಂದು ಯೋಚಿಸಿದವರೇ ಅಲ್ಲ. ಗಾಳಿ ಎಡಗಡೆಯಿಂದ ಬರುತ್ತಾ ಬಲಗಡೆಯಿಂದ ಬರುತ್ತಾ ಎಂದು ಒಂದು ಬೆಳ್ಳಕ್ಕಿ ಕೇಳಿತು. ಬುಟ್ಟಿಯನ್ನು ಹುಡುಕಬೇಕಾದವರು ಸಾಮಾನು ಇರುವವರಾ, ಸಾಮಾನು ಹೊರುವವರಾ ಎಂದು ಜಟ್ಟಪ್ಪನ ತಮ್ಮ ಕೇಳಿದ. ವ್ರತದ ಪ್ರಕಾರ ಯಾರೂ ತಮ್ಮದನ್ನು ತಾವು ಹೊರುವ ಹಾಗಿಲ್ಲ. ಹಾಗಾದರೆ ಯಾರದನ್ನು ಯಾರು ಹೊರಬೇಕು? ಒಬ್ಬ ಹೀಗೆ ಎಂದರೆ ಇನ್ನೊಬ್ಬ ಹಾಗೆ ಎಂದ. ಮಧ್ಯಾಹ್ನದ ತನಕ ಮಾತಾಡಿ, ಬಂದಾಗ ಎಷ್ಟು ಗೊತ್ತಿತ್ತೋ ಅದಕ್ಕಿಂತ ಕಡಿಮೆ ತಿಳಿದುಕೊಂಡು ಎದ್ದು ಹೋದರು. ಸಭೆ ಎಂದರೆ ಹಾಗೇ, ಕಾಡಾದರೇನು, ಊರಾದರೇನು.

ಪರಮಯ್ಯನಿಗೆ ಬೇಕಾಗಿದ್ದೂ ಆ ಗೊಂದಲವೇ. ಮರುದಿನ ಅವನು ಒಬ್ಬೊಬ್ಬರನ್ನೇ ಕಂಡ.

ಮೊದಲು ಹೊನ್ನಕ್ಕನ ಹತ್ತಿರ ಹೋಗಿ, ದೂರದಲ್ಲೇ ನಿಂತು, ಮುಖ ಸಣ್ಣದು ಮಾಡಿಕೊಂಡ.

"ಹೊನ್ನಕ್ಕಾ, ನಿನಗೆ ಹೇಗೆ ಹೇಳಲಿ. ಸುಬ್ರಾಯನ ಮರ ನೋಡಿಕೊಂಡು ಬಂದೆ, ಬೇರೆಲ್ಲ ಸಡಿಲ ಆಗಿದೆ. ಗಾಳಿ ಬಂದರೆ ಬಿದ್ದೇ ಬೀಳುತ್ತೆ. ಮುದುಕರ ಅನ್ನ ಎಲ್ಲ ನೀರುಪಾಲು. ಪಾಪ, ಅವನು ತನ್ನ ಮೀನನ್ನು ತಾನೇ ಎತ್ತೋ ಹಾಗಿಲ್ಲವಲ್ಲ."

ಹೊನ್ನಕ್ಕ ಹೊಂಡದ ಕಡೆ ನೋಡಿದಳು. ಒಂದು ಆಮೆ ತಾಯಿಗೆ ಅವಳು ಮಾತು ಕೊಟ್ಟಿದ್ದಳು. ಬಲು ಮುದಿಯಾದ ಆಮೆ ಅದು. ಇದೇ ತನ್ನ ಕೊನೆಯ ಮೊಟ್ಟೆಗಳು, ಇನ್ನು ಈ ದಡಕ್ಕೆ ಬರುವ ಶಕ್ತಿ ಇಲ್ಲ, ಮರಿಗಳನ್ನು ನೀರು ಮುಟ್ಟಿಸಿಬಿಡು ಎಂದು ಕೇಳಿಕೊಂಡು ಹೋಗಿತ್ತು. ಮುಟ್ಟಿಸುತ್ತೇನೆ ಎಂದಿದ್ದಳು ಹೊನ್ನಕ್ಕ. ಅಂಥ ಮೊಟ್ಟೆಗಳನ್ನು ಬಿಟ್ಟು ಹೇಗೆ ಹೋಗುವುದು? ಆದರೆ ವ್ರತ ಎನ್ನುವುದು ಒಂದಿದೆಯಲ್ಲ. ಪಕ್ಕದವರ ಮನೆ ಬೀಳುವಾಗ ತನ್ನ ಮನೆಯಲ್ಲಿ ಕೂರುವುದೇ? ಹೊಂಡದ ಸುತ್ತ ಸುತ್ತು ಹಾಕಿದಳು, ಕೂತಳು, ಎದ್ದಳು. ಕೊನೆಗೆ ಮರಳನ್ನು ಇನ್ನೊಂದಿಷ್ಟು ಎಳೆದು ಮುಚ್ಚಲು ಕೈ ಚಾಚಿ, ಗಾಳಿಗೆಂದು ಮುಚ್ಚಿದರೆ ಅದೂ ತನ್ನ ಮನೆಯನ್ನು ತಾನೇ ಭದ್ರ ಮಾಡಿಕೊಂಡ ಹಾಗಾಯಿತು ಎಂದು ಕೈ ಹಿಂದೆ ತೆಗೆದುಕೊಂಡಳು. ಬಳಗವನ್ನೆಲ್ಲ ಕಟ್ಟಿಕೊಂಡು ಸುಬ್ರಾಯನ ಮರಕ್ಕೆ ಹೊರಟಳು.

ಅಷ್ಟು ಹೊತ್ತಿಗೆ ಪರಮಯ್ಯ ಸುಬ್ರಾಯನನ್ನು ಕಂಡು ಬೇರೆಯೇ ಕಥೆ ಹೇಳಿದ್ದ. ಮುರಕಲ್ಲು ನೀರು ಕುಡಿದು ಮೆತ್ತಗಾಗಿದೆ, ಜಟ್ಟಪ್ಪನ ಬಿಲ ಕುಸಿಯುತ್ತೆ, ರೋಗಿಗಳು ಒಳಗೇ ಹೂತುಹೋಗುತ್ತಾರೆ ಎಂದು ಹೇಳಿದ್ದ. ದಿಬ್ಬವೇ ಭದ್ರ ಎಂದು ನಿನ್ನೆ ನೀನೇ ಹೇಳಿದೆಯಲ್ಲ ಎಂದು ಸುಬ್ರಾಯ ತಬ್ಬಿಬ್ಬಾಗಿ ಕೇಳಿದ. ಅದು ನಿನ್ನೆಯ ಮಾತು, ಇವತ್ತಿನದು ಇವತ್ತು ಎಂದ ಪರಮಯ್ಯ. ಸುಬ್ರಾಯ ಹೆಚ್ಚು ಕೇಳಲಿಲ್ಲ. ರೋಗಿಗಳನ್ನು ತನ್ನ ಮರಕ್ಕೆ ಕರೆತರುತ್ತೇನೆ ಎಂದು ಹಿಂಡಿನ ಜೊತೆ ದಿಬ್ಬಕ್ಕೆ ಹಾರಿದ. ದಾರಿಯಲ್ಲಿ ಅಣ್ಣತಮ್ಮಂದಿರ ಜೊತೆ ಸೊಪ್ಪು ಹುಡುಕುತ್ತಿದ್ದ ಜಟ್ಟಪ್ಪ ಸಿಕ್ಕಿದಾಗ ಪರಮಯ್ಯ ಅವನಿಗೂ ಒಂದು ಮಾತು ಹೇಳಿದ. ಹೊನ್ನಕ್ಕ ಸುಬ್ರಾಯನ ಮರಕ್ಕೆ ಹೋಗಿದ್ದಾಳೆ, ಅವಳೊಬ್ಬಳಿಂದ ಆಗದು, ನೀನೂ ಅಲ್ಲಿಗೇ ಹೋಗು ಎಂದ. ಹೇಳಿ ಒಂದು ಬೇರಿನ ಮರೆಗೆ ಹೋಗಿ, ಎಲ್ಲರೂ ಕಣ್ಮರೆಯಾಗುವುದನ್ನು ಕಾದ.

ಪರಮಯ್ಯ ಬುದ್ಧಿವಂತ, ಇಲ್ಲ ಎನ್ನುವುದಿಲ್ಲ. ಆದರೆ ಅವನು ಈ ಜನದ ವ್ರತವನ್ನು ಅರ್ಧ ಮಾತ್ರ ಅರ್ಥ ಮಾಡಿಕೊಂಡಿದ್ದ. ಇವರು ತಮ್ಮದನ್ನು ಬಿಟ್ಟು ಹೋಗುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬಿಟ್ಟುಹೋದದ್ದನ್ನು ಇನ್ನೊಬ್ಬ ಎತ್ತುತ್ತಾನೆ ಎಂಬುದು ಹೊಳೆಯಲಿಲ್ಲ.

ಜಟ್ಟಪ್ಪ ಮರದ ಕಡೆಗೆ ನಾಲ್ಕು ಹೆಜ್ಜೆ ಇಟ್ಟು ನಿಂತ. ಹೊನ್ನಕ್ಕ ಮರಕ್ಕೆ ಹೋಗಿದ್ದಾಳೆ. ಹೋಗುವ ಮೊದಲು ಅವಳು ತನ್ನ ಮೊಟ್ಟೆಗಳನ್ನು ಎತ್ತಿಟ್ಟಿರಲಾರಳು, ವ್ರತ ಇದೆ. ಹಾಗಾದರೆ ಎತ್ತಬೇಕಾದವನು ಯಾರು? ಅವನು ಸುತ್ತ ನೋಡಿದ. ಬೇರೆ ಯಾರೂ ಕಾಣಲಿಲ್ಲ. ಹೇಳಿದ್ದು ಒಂದು ಕಡೆಗೆ, ಹೋಗಬೇಕು ಅನ್ನಿಸುತ್ತಿರುವುದು ಇನ್ನೊಂದು ಕಡೆಗೆ. ಸ್ವಲ್ಪ ಹೊತ್ತು ಅಲ್ಲೇ ಮುಂದೆ ಹಿಂದೆ ತಿರುಗಾಡಿ, ಕೊನೆಗೆ ಅಣ್ಣತಮ್ಮಂದಿರನ್ನು ಕರೆದುಕೊಂಡು ಹೊಂಡಕ್ಕೆ ಓಡಿದ. ಮೀನುಗಾರರು ಬಿಸಾಕಿದ ಹರಕು ಬುಟ್ಟಿಗಳನ್ನು ಎಳೆದು ತಂದ. ಮರಳಿನ ಸಮೇತ ಮೊಟ್ಟೆಗಳನ್ನು ಮೆಲ್ಲಗೆ ತೆಗೆದು ತುಂಬಿದ. ಮೇಲೆ ಕೇದಗೆಯ ಎಲೆಗಳನ್ನು ದಟ್ಟವಾಗಿ ಹೊದಿಸಿ ಬಿಗಿದ. ಕೇದಗೆ ಎಲೆಯ ಅಂಚಿನ ಮುಳ್ಳು ಮುಳ್ಳುಹಂದಿಗೆ ಯಾವ ಲೆಕ್ಕ? ಬುಟ್ಟಿಗಳನ್ನು ಎಳೆದುಕೊಂಡು ಹಿಂಬದಿಯ ದಾರಿಯಿಂದ ದಿಬ್ಬ ಹತ್ತಿ, ತನ್ನ ಬಿಲದ ತೀರಾ ಒಳಗಿನ ಕೋಣೆಯಲ್ಲಿ ಇಟ್ಟ. ಬಿಲ ಖಾಲಿ ಇದ್ದುದನ್ನು ನೋಡಿ ಅವನಿಗೆ ದಿಗಿಲಾಯಿತು. ರೋಗಿಗಳು ಎಲ್ಲಿ? ಯಾರೋ ಕರೆದುಕೊಂಡು ಹೋಗಿರಬೇಕು, ಯಾಕೋ ಗೊತ್ತಿಲ್ಲ. ಆಕಾಶ ಕಪ್ಪಾಗುತ್ತಿತ್ತು. ಬಾಗಿಲಿಗೆ ಹಲಗೆ ಬೇಕು ಎಂದು ಪರಮಯ್ಯ ಹೇಳಿದ್ದು ನೆನಪಾಗಿ, ಅದು ಹೊನ್ನಕ್ಕನ ಮೊಟ್ಟೆಗೆ, ತನ್ನ ಬಿಲಕ್ಕಲ್ಲ ಎಂದುಕೊಂಡು, ಅದನ್ನು ತರಲು ಎಲ್ಲರೂ ದಡಕ್ಕೆ ಇಳಿದರು.

ಇತ್ತ ದಿಬ್ಬದ ಮುಂಬದಿಯ ದಾರಿಯಲ್ಲಿ ದೊಡ್ಡ ರಗಳೆ ನಡೆದಿತ್ತು. ಹೊನ್ನಕ್ಕನ ಬಳಗ ಒಣಮೀನು ಹೊತ್ತುಕೊಂಡು ಮೇಲೆ ಬರುತ್ತಿತ್ತು. ಸುಬ್ರಾಯನ ಹಿಂಡು ರೋಗಿಗಳನ್ನು ನಡೆಸಿಕೊಂಡು ಕೆಳಗೆ ಇಳಿಯುತ್ತಿತ್ತು. ನಡುದಾರಿಯಲ್ಲಿ ಎದುರಾದರು.

ನಮ್ಮ ಮೀನನ್ನು ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದು ಸುಬ್ರಾಯ ಕೇಳಿದ. ದಿಬ್ಬಕ್ಕೆ, ನಿನ್ನ ಮರ ಬೀಳುತ್ತಂತಲ್ಲ ಎಂದಳು ಹೊನ್ನಕ್ಕ. ಮರಕ್ಕೇನಾಗಿದೆ, ಬೀಳುವುದು ದಿಬ್ಬ ಎಂದ ಅವನು. ದಿಬ್ಬ ಹೇಗೆ ಬೀಳುತ್ತೆ ಎಂದು ನೀರುನಾಯಿಗಳು ಕೇಳಿದವು. ಮರ ಯಾಕೆ ಬೀಳುತ್ತೆ ಎಂದು ಬೆಳ್ಳಕ್ಕಿಗಳು ಕೇಳಿದವು. ಅವರು ಇವರಿಗೆ ದಾರಿ ಬಿಡಿ ಎಂದರು, ಇವರು ಅವರಿಗೆ ತಿರುಗಿ ನಡೆಯಿರಿ ಎಂದರು. ಮೀನು ಸ್ವಲ್ಪ ಕೆಳಗಿಳಿಯಿತು, ರೋಗಿಗಳು ಸ್ವಲ್ಪ ಮೇಲೆ ಹತ್ತಿದರು. ಆಮೇಲೆ ಯಾರೋ ಬೇಡ ಎಂದರು, ಎಲ್ಲ ಮೊದಲಿನ ಹಾಗಾಯಿತು. ಕಾಲು ಮುರಿದ ಮೊಲ ದಾರಿಯ ನಡುವೆಯೇ ಕೂತುಬಿಟ್ಟಿತು. ಕಣ್ಣು ಮಂಜಾಗಿದ್ದ ಪುನುಗುಬೆಕ್ಕಿನ ಅಜ್ಜಿ ಮಾತ್ರ ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದಳು. ಈಗ ಹತ್ತಬೇಕಾ, ಇಳಿಯಬೇಕಾ? ಯಾರಿಗೂ ಗೊತ್ತಿರಲಿಲ್ಲ.

ಅಜ್ಜಿಗೆ ಸಾಕಾಯಿತು. ಅವಳು ಕೋಲೂರಿ ನಿಂತಳು.

"ಮರ ಬೀಳುತ್ತೆ ಅಂತ ನಿನಗೆ ಹೇಳಿದ್ದು ಯಾರು?"

ಪರಮಯ್ಯ ಎಂದಳು ಹೊನ್ನಕ್ಕ.

"ದಿಬ್ಬ ಕುಸಿಯುತ್ತೆ ಅಂತ ನಿನಗೆ?"

ಪರಮಯ್ಯ ಎಂದ ಸುಬ್ರಾಯ.

"ಅಲ್ಲಾ, ಎಲ್ಲರನ್ನೂ ಒಂದೊಂದು ದಿಕ್ಕಿಗೆ ಅಟ್ಟಿದನಲ್ಲ, ಮೊಟ್ಟೆ ಹೊಂಡಕ್ಕೆ ಯಾರನ್ನ ಕಳಿಸಿದ?"

ಹೊನ್ನಕ್ಕನ ಕೈಯಲ್ಲಿದ್ದ ಮೀನು ಕೆಳಗೆ ಬಿತ್ತು. ಅವಳು ತಿರುಗಿ ಓಡಿದಳು.

ಗಾಳಿ ಆಗಲೇ ಎದ್ದಿತ್ತು. ಈ ಸಲ ಬಡಗು ದಿಕ್ಕಿಗೆ ತಿರುಗುವ ಲಕ್ಷಣ ಇರಲಿಲ್ಲ. ಮರಳು ಹಾರಿ ಮುಖಕ್ಕೆ ಬಡಿಯುತ್ತಿತ್ತು, ಅಲೆಗಳು ಕೇದಗೆ ಪೊದೆಯ ಬುಡಕ್ಕೇ ಬರುತ್ತಿದ್ದವು. ಹೊನ್ನಕ್ಕ ಹೊಂಡದ ಅಂಚಿಗೆ ಬಂದು ನೋಡಿದಳು. ಹೊಂಡ ಖಾಲಿ. ಒಂದು ಮೊಟ್ಟೆಯೂ ಇಲ್ಲ. ಬೇರೆ ಗುರುತುಗಳನ್ನೆಲ್ಲ ಗಾಳಿ ಅಳಿಸಿತ್ತು, ಮರಳಿನ ಮೇಲೆ ಉಡದ ಬಾಲ ಎಳೆದ ಗೆರೆ ಮಾತ್ರ ಇತ್ತು.

ಅವಳು ಖಾಲಿ ಹೊಂಡದೊಳಗೇ ಕೂತು ಅತ್ತಳು. ಕಡಲಿನ ಕಡೆ ಮುಖ ಎತ್ತಲು ಅವಳಿಗೆ ನಾಚಿಕೆಯಾಯಿತು. ಆ ಮುದಿ ತಾಯಿಗೆ ಏನೆಂದು ಹೇಳುವುದು? ಪಕ್ಕದವರ ಮೀನು ಉಳಿಸಲು ಹೋಗಿದ್ದೆ ಎಂದೇ? ಸುಬ್ರಾಯ ಹಿಂದೆಯೇ ಬಂದು ಅವಳ ಹೆಗಲು ಹಿಡಿದು ಎಬ್ಬಿಸಿದ. ನೀರು ಹೊಂಡಕ್ಕೆ ಇಳಿಯುತ್ತಿತ್ತು. ಬಾ ಹೊನ್ನಕ್ಕಾ, ನೀನಾದರೂ ಉಳಿ ಎಂದು ಬೇಡಿಕೊಂಡ. ಅವಳಿಗೆ ಉಳಿಯುವ ಮನಸ್ಸಿರಲಿಲ್ಲ. ಅವನು ಎಳೆದುಕೊಂಡೇ ದಿಬ್ಬ ಹತ್ತಿಸಿದ.

ಬಿಲದ ಬಾಯಲ್ಲಿ ಜಟ್ಟಪ್ಪ ಒಂದು ಹಳೇ ದೋಣಿಯ ಹಲಗೆಯನ್ನು ಏದುಸಿರು ಬಿಡುತ್ತಾ ಎಳೆಯುತ್ತಿದ್ದ. ಅದಕ್ಕೆ ಒಂದು ದಪ್ಪ ಹಗ್ಗವೂ ಕಟ್ಟಿತ್ತು. ಸುಬ್ರಾಯನ ಹಿಂಡು ರೋಗಿಗಳನ್ನು ಆಗಲೇ ತಿರುಗಿ ಕರೆತಂದು ಒಳಗೆ ಕೂರಿಸಿತ್ತು, ನೀರುನಾಯಿಗಳು ಮೀನನ್ನೂ ತಂದು ಒಳಗಿಟ್ಟಿದ್ದವು. ಹೊನ್ನಕ್ಕನ ಮುಖ ನೋಡಿ ಜಟ್ಟಪ್ಪ ಬೆಪ್ಪಾದ. ಯಾಕೆ ಅಳುತ್ತೀ ಎಂದು ಕೇಳಿದ. ಮೊಟ್ಟೆ ಎಂದಷ್ಟೇ ಹೇಳಲು ಅವಳಿಂದ ಆಯಿತು.

"ಮೊಟ್ಟೆ ಒಳಗಿದೆಯಲ್ಲ. ನಿನ್ನದನ್ನ ನಾನಲ್ಲದೆ ಇನ್ಯಾರು ಎತ್ತಬೇಕು?" ಎಂದ ಜಟ್ಟಪ್ಪ.

ಹೊನ್ನಕ್ಕ ಅವನನ್ನು ಅಪ್ಪಿಕೊಳ್ಳಲು ಹೋಗಿ, ಮುಳ್ಳು ನೆನಪಾಗಿ, ಕೈ ಮುಗಿದಳು. ಎಲ್ಲರೂ ಒಳಗಿನ ಕೋಣೆಗೆ ನುಗ್ಗಿದರು. ಅಲ್ಲಿ ನೋಡಿದರೆ ಬುಟ್ಟಿಯ ಪಕ್ಕದಲ್ಲಿ ಪರಮಯ್ಯ ಕೂತಿದ್ದ.

ಹೊಂಡ ಖಾಲಿ ಇದ್ದುದನ್ನು ನೋಡಿ ಅವನಿಗೂ ತಲೆ ಕೆಟ್ಟಿತ್ತು. ಬುಟ್ಟಿ ಎಳೆದ ಗುರುತು ಹಿಡಿದು ಇಲ್ಲಿಗೆ ಬಂದಿದ್ದ. ಮುಳ್ಳುಹಂದಿಗಳು ದಡಕ್ಕೆ ಇಳಿದ ಹೊತ್ತು ನೋಡಿ ಒಳಗೆ ನುಸುಳಿದ್ದ. ಆದರೆ ಬುಟ್ಟಿಗೆ ಬಾಯಿ ಹಾಕಿದ್ದೇ ತಡ, ಕೇದಗೆ ಮುಳ್ಳು ನಾಲಿಗೆಗೆ ಚುಚ್ಚಿತು. ಅದನ್ನು ಕಿತ್ತುಕೊಳ್ಳುವುದರಲ್ಲೇ ಹೊತ್ತು ಹೋಗಿತ್ತು. ಈಗ ಎಲ್ಲರ ಕಣ್ಣೂ ಅವನ ಮೇಲೆ.

ಪರಮಯ್ಯ ಗಂಟಲು ಸರಿಮಾಡಿಕೊಂಡ. ನೀವೆಲ್ಲ ಮೊಟ್ಟೆಗಳನ್ನು ಬಿಟ್ಟು ಹೋದಿರಲ್ಲ, ನನಗೆ ಮನಸ್ಸು ತಡೆಯಲಿಲ್ಲ, ಅದಕ್ಕೇ ಬಂದು ಕಾಯುತ್ತಾ ಕೂತೆ ಎಂದ. ನಿಜ ಹೇಳಬೇಕೆಂದರೆ ಅರ್ಧ ಜನ ಅದನ್ನು ನಂಬಿದರು. ಬೆಳಗಿನಿಂದ ಅಷ್ಟು ಗಲಿಬಿಲಿಯಾಗಿತ್ತು, ಯಾವುದು ನಿಜ ಯಾವುದು ಸುಳ್ಳು ಎಂದು ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಒಂದು ಬೆಳ್ಳಕ್ಕಿ ಪಾಪ ಎಂದೂ ಅಂದಿತು. ಹೊನ್ನಕ್ಕ ಮಾತ್ರ ಅವನ ನಾಲಿಗೆಯಲ್ಲಿ ಉಳಿದಿದ್ದ ಮುಳ್ಳನ್ನೇ ನೋಡುತ್ತಿದ್ದಳು. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅಷ್ಟರಲ್ಲಿ ಹೊರಗೆ ಗಾಳಿ ಬೊಬ್ಬೆ ಹಾಕಿತು, ಜಟ್ಟಪ್ಪ ನಿಲ್ಲಿಸಿದ್ದ ಹಲಗೆ ದಡಾರನೆ ಒಳಗೆ ಬಿತ್ತು. ನೀರೂ ಮರಳೂ ಒಟ್ಟಿಗೆ ನುಗ್ಗಿದವು. ಎತ್ತಿ ನಿಲ್ಲಿಸಿದರೆ ಮತ್ತೆ ಬಿತ್ತು. ಅದನ್ನು ಒಳಗಿನಿಂದ ಯಾರಾದರೂ ಬಿಗಿಯಾಗಿ ಹಿಡಿದು ನಿಲ್ಲಲೇಬೇಕಿತ್ತು. ನೀರುನಾಯಿಗಳ ಕೈ ಜಾರುತ್ತಿತ್ತು, ಬೆಳ್ಳಕ್ಕಿಗಳಿಗೆ ಅಷ್ಟು ಬಲವಿರಲಿಲ್ಲ, ಮುಳ್ಳುಹಂದಿಗಳ ಉಗುರು ಮಣ್ಣು ತೋಡಲು ಆಗುತ್ತಿತ್ತೇ ಹೊರತು ಹಿಡಿಯಲು ಆಗುತ್ತಿರಲಿಲ್ಲ.

ಹೊನ್ನಕ್ಕ ಹಗ್ಗದ ತುದಿಯನ್ನು ಪರಮಯ್ಯನ ಮುಂದೆ ಹಿಡಿದಳು.

"ಕಾಯೋದಕ್ಕೇ ಬಂದೆ ಅಂದೆಯಲ್ಲ. ಕಾಯಿ."

ಪರಮಯ್ಯ ಬಾಗಿಲ ಕಡೆ ನೋಡಿದ. ಹೊರಗೆ ಅವನು ಎಂದೂ ಬರುವುದಿಲ್ಲ ಎಂದುಕೊಂಡಿದ್ದ ಬಿರುಗಾಳಿ ಅಬ್ಬರಿಸುತ್ತಿತ್ತು. ಎಲ್ಲರಿಗೂ ಸಿದ್ಧತೆ ಹೇಳಿಕೊಟ್ಟವನು ತನ್ನ ಮನೆಗೆ ಒಂದು ಕಲ್ಲನ್ನೂ ಅಡ್ಡ ಇಟ್ಟಿರಲಿಲ್ಲ. ಅದು ಈಗ ಎಲ್ಲಿ ತೇಲುತ್ತಿತ್ತೋ ಏನೋ. ಹಿಂದೆ ತಿರುಗಿ ನೋಡಿದ. ಜಟ್ಟಪ್ಪನೂ ಅವನ ಅಣ್ಣತಮ್ಮಂದಿರೂ ಬುಟ್ಟಿಗಳಿಗೆ ಅಡ್ಡವಾಗಿ, ಇವನ ಕಡೆಗೆ ಬೆನ್ನು ಮಾಡಿ, ಮುಳ್ಳೆತ್ತಿ ಕೂತಿದ್ದರು. ಹೊರಗೆ ಹೋಗುವ ಹಾಗಿಲ್ಲ, ಒಳಗೆ ಬರುವ ಹಾಗಿಲ್ಲ. ಪರಮಯ್ಯ ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡ. ಹಲಗೆಗೆ ಹೆಗಲು ಒತ್ತಿ, ನಾಲ್ಕು ಕಾಲಿನ ಉಗುರುಗಳನ್ನೂ ಬಾಗಿಲ ಬುಡದ ಬೇರಿಗೆ ಊರಿದ. ಹಲಗೆ ನಿಂತಿತು.

ಬಿರುಗಾಳಿ ಆ ಮಧ್ಯಾಹ್ನವಿಡೀ ಬಡಿಯಿತು. ಸುರಹೊನ್ನೆ ಮರ ನಿಜಕ್ಕೂ ಬಿತ್ತು, ಸದ್ದು ಒಳಗೆ ಕೇಳಿಸಿತು. ಸುಬ್ರಾಯ ಹೊನ್ನಕ್ಕನ ಬಳಗ ತಂದಿಟ್ಟ ಮೀನಿನ ಕಡೆ ತಿರುಗಿ ನೋಡಿದ. ಸುಳ್ಳು ಹೇಳಿದವನ ಮಾತು ನಿಜವಾದರೆ ಅದನ್ನು ಏನೆಂದು ಕರೆಯಬೇಕು ಎಂದು ಅವನಿಗೆ ತಿಳಿಯಲಿಲ್ಲ. ದಿಬ್ಬ ಮಾತ್ರ ಕುಸಿಯಲಿಲ್ಲ. ಒಂದೊಂದು ಅಲೆ ಹಲಗೆಗೆ ಅಪ್ಪಳಿಸಿದಾಗಲೂ ಪರಮಯ್ಯನ ಮೈ ನಡುಗುತ್ತಿತ್ತು, ಆದರೆ ಪಟ್ಟು ಸಡಿಲವಾಗಲಿಲ್ಲ. ಬಿಟ್ಟರೆ ಮೊದಲು ಕೊಚ್ಚಿಹೋಗುವವನು ಅವನೇ. ಮೊಟ್ಟೆಗಳ ವಾಸನೆ ಮೂಗಿಗೆ ಬರುತ್ತಿತ್ತು, ಬಾಯಲ್ಲಿ ಹಗ್ಗ ಇತ್ತು.

ಸಂಜೆ ಹೊತ್ತಿಗೆ ಗಾಳಿ ಇಳಿಯಿತು, ನೀರು ಹಿಂದೆ ಸರಿಯಿತು. ಮೋಡದ ಸಂದಿಯಿಂದ ಸ್ವಲ್ಪ ಬೆಳಕು ಬಿತ್ತು. ಜಟ್ಟಪ್ಪ ಮತ್ತು ತಮ್ಮಂದಿರು ಹಲಗೆಯ ಒಂದು ಬದಿಯನ್ನು ಓರೆ ಮಾಡಿ ದಾರಿ ಬಿಟ್ಟರು. ಆಗ ಒಳಗಿನ ಕೋಣೆಯಲ್ಲಿ ಪಟಪಟ ಎಂದು ಸಣ್ಣ ಸದ್ದು ಕೇಳಿಸಿತು. ಹೊನ್ನಕ್ಕ ಓಡಿಹೋಗಿ ಕೇದಗೆ ಎಲೆಗಳನ್ನು ಎತ್ತಿದಳು. ಮೊಟ್ಟೆಗಳು ಒಡೆಯುತ್ತಿದ್ದವು. ಅಂಗೈ ಅಗಲವೂ ಇಲ್ಲದ ಆಮೆಮರಿಗಳು ಒಂದರ ಮೇಲೊಂದು ಹತ್ತಿ ಬುಟ್ಟಿಯಿಂದ ಹೊರಗೆ ಬಿದ್ದವು. ಬೆಳಕು ಕಂಡ ಕಡೆಗೆ ಹೊರಟವು. ಬೆಳಕು ಬರುತ್ತಿದ್ದದ್ದು ಬಾಗಿಲಿನಿಂದ. ಬಾಗಿಲಿನಲ್ಲಿ ಅಡ್ಡ ಬಿದ್ದಿದ್ದವನು ಪರಮಯ್ಯ.

ಅವನು ಇನ್ನೂ ಹಿಡಿದೇ ಇದ್ದ. ಅಷ್ಟು ಹೊತ್ತು ಹಿಡಿದ ಉಗುರುಗಳು ಮರಗಟ್ಟಿ ಹೋಗಿದ್ದವು, ಬಿಡಬೇಕು ಎಂದರೂ ಬಿಡಲು ಬರುತ್ತಿರಲಿಲ್ಲ. ದವಡೆ ಹಗ್ಗದ ಮೇಲೆ ಕಚ್ಚಿ ನಿಂತಿತ್ತು. ಮೊದಲ ಮರಿ ಅವನ ಬಾಲ ಹತ್ತಿತು, ಬೆನ್ನು ದಾಟಿತು, ತಲೆಯ ಮೇಲೆ ಒಂದು ಗಳಿಗೆ ನಿಂತು ಸಮುದ್ರ ನೋಡಿತು, ಮೂಗಿನ ಮೇಲಿಂದ ಜಾರಿ ಮರಳಿಗೆ ಬಿತ್ತು. ಹಿಂದೆಯೇ ಇನ್ನೊಂದು. ಅದರ ಹಿಂದೆ ಮತ್ತೊಂದು. ಆ ವರ್ಷದ ಮರಿಗಳೆಲ್ಲ ಅವನ ಮೇಲಿಂದಲೇ ಕಡಲಿಗೆ ಹೋದವು. ಪರಮಯ್ಯನ ಕಣ್ಣು ಒಂದೊಂದನ್ನೂ ಹಿಂಬಾಲಿಸುತ್ತಿತ್ತು. ಬಾಯಿ ಮಾತ್ರ ತೆರೆಯಲಿಲ್ಲ.

ಹೊನ್ನಕ್ಕ ಕೊನೆಯ ಮರಿ ನೀರು ಮುಟ್ಟುವ ತನಕ ದಡದಲ್ಲಿ ನಿಂತಿದ್ದಳು. ಕೊಟ್ಟ ಮಾತು ನಡೆದಿತ್ತು. ತನ್ನಿಂದ ನಡೆಯಿತು ಎಂದು ಹೇಳಿಕೊಳ್ಳುವ ಧೈರ್ಯ ಮಾತ್ರ ಅವಳಿಗೆ ಬರಲಿಲ್ಲ. ಅಲ್ಲೇ ನಿಂತು ಬಹಳ ಹೊತ್ತು ಅತ್ತಳು, ಈ ಸಲ ಸಮಾಧಾನಕ್ಕೆ.

ಆಮೇಲೆ ಪರಮಯ್ಯನನ್ನು ಏನು ಮಾಡುವುದು ಎಂದು ಮತ್ತೆ ಗೊಂದಲವಾಯಿತು. ಕೆಲವರು ಓಡಿಸಿ ಎಂದರು, ಕೆಲವರು ಹಾಗೇ ಬಿಡಿ ಎಂದರು. ಜಟ್ಟಪ್ಪ ಯಾರ ಮಾತನ್ನೂ ಕೇಳಲಿಲ್ಲ. ಸೊಪ್ಪು ಅರೆದು ತಂದು ಒಂದೊಂದೇ ಉಗುರಿಗೆ ಹಚ್ಚಿ ತಿಕ್ಕಿ ಬಿಡಿಸಿದ. ಮನೆ ಕಳೆದುಕೊಂಡವನು, ದವಡೆ ಆಡದವನು ಎಂದರೆ ಸುಬ್ರಾಯನ ಸಂಘದ ಪಾಲಿಗೆ ಬರುತ್ತಾನೆ. ಸುಬ್ರಾಯ ಒಣಮೀನನ್ನು ಮೆತ್ತಗೆ ನೆನೆಸಿ ತಂದಿಟ್ಟ. ಪರಮಯ್ಯ ತಲೆ ತಗ್ಗಿಸಿಕೊಂಡು ತಿಂದ. ಪುನುಗುಬೆಕ್ಕಿನ ಅಜ್ಜಿ ಅವನ ಪಕ್ಕದಲ್ಲೇ ಕೂತಿದ್ದಳು. ಬೇರೆಯವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವನ ಆಟ ಬಯಲು ಮಾಡಿದ ಅವಳೇ, ಮಧ್ಯಾಹ್ನವಿಡೀ ಬಾಗಿಲು ಹಿಡಿದೆಯಂತಲ್ಲ, ನಿನ್ನಂಥವನು ಇದ್ದದ್ದು ಒಳ್ಳೇ ಆಯ್ತು ಮಗಾ ಎಂದು ಬೆನ್ನು ಸವರಿದಳು. ಆಮೆಮರಿಗಳು ನಡೆದುಹೋದ ಬೆನ್ನು ಅದು. ಪರಮಯ್ಯ ಉಳಿದ ಮೀನನ್ನು ಅಜ್ಜಿಯ ಮುಂದೆ ಸರಿಸಿದ.

ಮುಂದಿನ ಹುಣ್ಣಿಮೆಗೆ ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ನಿಂತಾಗ ಹೊನ್ನಕ್ಕ ವ್ರತದ ಮಾತನ್ನು ಅರ್ಧಕ್ಕೇ ತಡೆದಳು. ನಮ್ಮನ್ನು ನಂಬಿ ಬಿಟ್ಟುಹೋದದ್ದನ್ನು ಮೊದಲು ಭದ್ರ ಮಾಡುತ್ತೇವೆ, ಆಮೇಲೆ ನಮ್ಮ ಕೈ ಪಕ್ಕದವರಿಗೆ ಎಂದು ಹೇಳಿಸಿದಳು. ಜಟ್ಟಪ್ಪ ಅದನ್ನು ಹೇಳುವಾಗ ಎರಡು ಸಲ ತಡವರಿಸಿದ. ಹಳೇ ಅಭ್ಯಾಸ, ಬಿಡುವುದು ಕಷ್ಟ. ಆಮೇಲೆ ಅವನ ಬಿಲದ ಬಾಯಿಗೆ ಇನ್ನೊಂದು ಕಲ್ಲು ಉರುಳಿ ಬಿದ್ದಾಗ ಮಾತ್ರ ಅವನೇ ಬೆನ್ನು ಕೊಟ್ಟು ತಳ್ಳಿದನಂತೆ.

ನೀತಿ: ನಿಮ್ಮನ್ನು ನಂಬಿ ಒಪ್ಪಿಸಿದ್ದನ್ನು ಮೊದಲು ಭದ್ರ ಮಾಡಿ, ಆಮೇಲೆ ಬೇರೆಯವರ ನೆರವಿಗೆ ಓಡಿ, ಆಪತ್ತಿನ ನೆಪ ಹೇಳಿ ನಿಮ್ಮನ್ನು ಮನೆ ಬಿಡಿಸಿ ಕಳುಹಿಸುವವನ ಕಣ್ಣು ಇರುವುದು ನಿಮ್ಮ ಮನೆಯ ಮೇಲೆಯೇ.